ಸೌದೆ ಒಲೆಯ ಹಿಂದಿನ ಗೋಡೆ ಕೆಟ್ಟಾಗ: ದೋಷ ಪತ್ತೆ ಮತ್ತು ಶಾಖ ತಾಳುವ ಮೇಲ್ಪದರದ ಆಯ್ಕೆ

ಕಬ್ಬಿಣದ ಸೌದೆ ಒಲೆಯ ಹಿಂದಿನ ಗೋಡೆಯಲ್ಲಿ ಬಣ್ಣ ಕಂದಿದಾಗ, ಪುಟ್ಟಿ ಹಕ್ಕಳೆ ಎದ್ದಾಗ, ಅಂಟಿಸಿದ ಟೈಲ್ಸ್ ಒಂದೊಂದಾಗಿ ಕಳಚತೊಡಗಿದಾಗ, ಹೆಚ್ಚಿನವರು ಮೊದಲು ಕೇಳುವುದು ಇಲ್ಲಿಗೆ ಯಾವ ಬಣ್ಣ ಅಥವಾ ಯಾವ ಟೈಲ್ಸ್ ತಡೆಯುತ್ತದೆ ಎಂದು. ಈ ಕೈಪಿಡಿಯಲ್ಲಿ ಆ ಪ್ರಶ್ನೆ ಕೊನೆಗೆ ಬರುತ್ತದೆ. ಮೇಲ್ಪದರ ಕೆಡಲು ಕಾರಣ ಹೆಚ್ಚಿನ ಸಲ ಮೇಲ್ಪದರದಲ್ಲಿ ಇರುವುದಿಲ್ಲ. ಅದರ ಮೇಲೆ ಬೀಳುವ ಶಾಖದ ಪ್ರಮಾಣದಲ್ಲಿ, ಅದು ಅಂಟಿಕೊಂಡಿರುವ ತಳದಲ್ಲಿ, ಅಥವಾ ಆ ತಳದ ಹಿಂದೆ ಕಣ್ಣಿಗೆ ಕಾಣದೆ ಇರುವ ಮರದಲ್ಲಿ ಇರುತ್ತದೆ. ಕಾರಣ ತಿಳಿಯದೆ ಮತ್ತೊಮ್ಮೆ ಬಣ್ಣ ಬಳಿದರೆ ಅದೇ ಜಾಗದಲ್ಲಿ ಅದೇ ಕಲೆ ಮರಳಿ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಶಾಖಕ್ಕೆ ಕೆಡದ ಗಟ್ಟಿ ಹೊದಿಕೆಯೊಂದನ್ನು ಹಾಕಿ ಎಚ್ಚರಿಕೆಯ ಗುರುತನ್ನೇ ಮುಚ್ಚಿಬಿಡುವುದು. ಹೊದಿಕೆ ಚೆನ್ನಾಗಿಯೇ ಉಳಿಯುತ್ತದೆ, ಅದರ ಹಿಂದಿನ ಮರ ಮಾತ್ರ ಸದ್ದಿಲ್ಲದೆ ಕರಕಲಾಗುತ್ತಾ ಹೋಗುತ್ತದೆ.

ಇಲ್ಲಿ ಒಲೆ ಎಂದರೆ ಹೊಗೆ ಕೊಳವೆ ಜೋಡಿಸಿದ, ಬಾಗಿಲು ಮುಚ್ಚಿ ಉರಿಸುವ ಕಬ್ಬಿಣದ ಒಲೆ. ಇಟ್ಟಿಗೆಯಲ್ಲಿ ಕಟ್ಟಿದ ಒಲೆಗಳಿಗೂ ಬಹುತೇಕ ಮಾತುಗಳು ಅನ್ವಯಿಸುತ್ತವೆ, ಆದರೆ ಅವುಗಳ ಹೊರಮೈ ಅಷ್ಟು ಬಿಸಿಯಾಗುವುದಿಲ್ಲ.

ಒಲೆಯನ್ನು ಆರಿಸಿಬಿಡಬೇಕಾದ ಸೂಚನೆಗಳು

ಕೆಲವು ಲಕ್ಷಣಗಳು ಕಂಡಾಗ ಪರೀಕ್ಷೆಗಿಂತ ಮೊದಲು ಒಲೆಯನ್ನು ಆರಲು ಬಿಡಬೇಕು ಮತ್ತು ಕಾರಣ ಸಿಗುವವರೆಗೆ ಮತ್ತೆ ಹೊತ್ತಿಸಬಾರದು. ಗೋಡೆಯ ಕಡೆಯಿಂದ ಸುಟ್ಟ ಮರದ ವಾಸನೆ ಬರುವುದು; ಗೋಡೆಯ ಇನ್ನೊಂದು ಬದಿ, ಅಂದರೆ ಪಕ್ಕದ ಕೋಣೆಯ ಕಡೆ, ಮುಟ್ಟಲು ಬಿಸಿಯಾಗಿರುವುದು ಅಥವಾ ಅಲ್ಲಿಯ ಬಣ್ಣವೂ ಕಂದಿರುವುದು; ಕೊಳವೆ ಗೋಡೆಯನ್ನು ಅಥವಾ ಚಾವಣಿಯನ್ನು ತೂರಿ ಹೋಗುವ ಜಾಗದ ಸುತ್ತ ಕಪ್ಪು ಉಂಗುರ ಮೂಡಿರುವುದು; ಒಲೆ ಉರಿಯುವಾಗ ಮನೆಯವರಿಗೆ ತಲೆನೋವು, ವಾಕರಿಕೆ ಕಾಣಿಸಿಕೊಳ್ಳುವುದು. ಕೊನೆಯದು ಕಾರ್ಬನ್ ಮಾನಾಕ್ಸೈಡ್ ಸೋರಿಕೆಯ ಲಕ್ಷಣ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಅಂಥ ಸಂದರ್ಭದಲ್ಲಿ ಎಲ್ಲರೂ ಹೊರಗಿನ ಗಾಳಿಗೆ ಬಂದು ವೈದ್ಯಕೀಯ ನೆರವು ಪಡೆಯಬೇಕು. ಸೌದೆ ಒಲೆ ಇರುವ ಕೋಣೆಯಲ್ಲಿ ಈ ಅನಿಲವನ್ನು ಗುರುತಿಸುವ ಅಲಾರಂ ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಕೆಲಸ: ಶಾಖವನ್ನು ಅಳೆಯುವುದು

ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ, ಒಲೆಯನ್ನು ಸಾಮಾನ್ಯವಾಗಿ ಅತಿ ಹೆಚ್ಚು ಉರಿಸುವ ಮಟ್ಟದಲ್ಲಿ ಎರಡು ಮೂರು ಗಂಟೆ ಉರಿಸಿ ಗೋಡೆಯ ಶಾಖವನ್ನು ಅಳೆಯಬೇಕು. ಹೊತ್ತಿಸಿದ ಅರ್ಧ ಗಂಟೆಯಲ್ಲಿ ಸಿಕ್ಕ ಅಳತೆಯನ್ನು ನಂಬಬಾರದು, ಏಕೆಂದರೆ ಒಲೆಯ ಕಬ್ಬಿಣ ಬೇಗ ಕಾದರೂ ಗೋಡೆ ನಿಧಾನವಾಗಿ ಶಾಖ ಹೀರುತ್ತದೆ. ದಪ್ಪ ಇಟ್ಟಿಗೆ ಗೋಡೆಯಾದರೆ ಇನ್ನೂ ನಿಧಾನ. ಅರ್ಧ ಗಂಟೆಗೊಮ್ಮೆ ಅಳೆದು ಬರೆದಿಟ್ಟುಕೊಂಡು, ಅಂಕಿ ಏರುವುದು ನಿಂತ ಮೇಲೆ ಸಿಗುವ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆಯ ಉಷ್ಣತೆಯನ್ನೂ ಜೊತೆಯಲ್ಲೇ ಬರೆಯಬೇಕು.

ಇನ್‌ಫ್ರಾರೆಡ್ ಥರ್ಮಾಮೀಟರ್ ಈ ಕೆಲಸಕ್ಕೆ ಸಾಕು, ಆದರೆ ಅದರ ಒಂದು ಗುಣವನ್ನು ತಿಳಿದಿರಬೇಕು. ಸುಣ್ಣ, ಗಾರೆ, ಬಣ್ಣ ಬಳಿದ ಗೋಡೆ, ಟೈಲ್ಸ್ ಇವುಗಳ ಮೇಲೆ ಅದು ತೋರಿಸುವ ಅಂಕಿ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಹೊಳೆಯುವ ಉಕ್ಕು ಅಥವಾ ಅಲ್ಯೂಮಿನಿಯಂ ಹಾಳೆಯ ಮೇಲೆ ಅದು ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಹೊಳಪಿನ ಲೋಹ ತನ್ನ ಶಾಖವನ್ನು ಬಹಳ ಕಡಿಮೆ ಹೊರಸೂಸುತ್ತದೆ, ಬದಲಿಗೆ ಎದುರಿನ ತಣ್ಣನೆಯ ಕೋಣೆಯನ್ನು ಪ್ರತಿಫಲಿಸುತ್ತದೆ. ಹಾಗಾಗಿ ಲೋಹದ ಹಾಳೆ ಹಾಕಿದ ಗೋಡೆಯಲ್ಲಿ ಅಳೆಯುವ ಜಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣದ ಸಣ್ಣ ಬೊಟ್ಟು ಹಚ್ಚಿ, ಅದು ಒಣಗಿದ ಮೇಲೆ ಅದರ ಮೇಲೆಯೇ ಅಳೆಯಬೇಕು.

ಅಳತೆ ಸಿಕ್ಕ ಮೇಲೆ ಅದನ್ನು ಯಾವುದಕ್ಕೆ ಹೋಲಿಸುವುದು? ಎರಡು ಮಿತಿಗಳನ್ನು ನೆನಪಿಟ್ಟರೆ ಸಾಕು. ಒಲೆಗಳಿಗೆ ಯುರೋಪಿನಲ್ಲಿ ಮೊದಲು ಇದ್ದ ಇಎನ್ 13240 ಮಾನದಂಡದ (ಈಗ ಅದರ ಜಾಗಕ್ಕೆ ಇಎನ್ 16510 ಬಂದಿದೆ) ಪರೀಕ್ಷೆಯಲ್ಲಿ ಒಲೆಯ ಸಮೀಪದ ಉರಿಯಬಲ್ಲ ವಸ್ತು ಕೋಣೆಯ ಉಷ್ಣತೆಗಿಂತ 65 ಡಿಗ್ರಿಗಿಂತ ಹೆಚ್ಚು ಏರಬಾರದಿತ್ತು. ಕೋಣೆ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಗೋಡೆಗೆ 90 ಡಿಗ್ರಿ ಮೇಲಿನ ಗೆರೆ. ಇದು ಸುರಕ್ಷತೆಯ ಗೆರೆ ಮಾತ್ರ, ಗೋಡೆ ಅಂದವಾಗಿ ಉಳಿಯುವ ಗೆರೆಯಲ್ಲ. ಜಿಪ್ಸಮ್ ಬೋರ್ಡ್ ಇರುವ ಗೋಡೆಗೆ ಮಿತಿ ಇನ್ನೂ ಕೆಳಗಿದೆ: ದಿನವೂ ಗಂಟೆಗಟ್ಟಲೆ 52 ಡಿಗ್ರಿಗಿಂತ ಹೆಚ್ಚಿನ ಶಾಖ ತಾಗುವ ಜಾಗದಲ್ಲಿ ಅದನ್ನು ಬಳಸಬಾರದೆಂಬುದು ತಯಾರಕರ ಸಾಮಾನ್ಯ ಸೂಚನೆ. ಉಪಕರಣ ಇಲ್ಲದವರು ಅಂಗೈ ಇಟ್ಟು ನೋಡಬಹುದು. ಆರಾಮವಾಗಿ ಅಂಗೈ ಇಟ್ಟುಕೊಳ್ಳಲಾಗದ ಗೋಡೆ ಈ ಎರಡನೆಯ ಮಿತಿಯನ್ನು ಬಹುಮಟ್ಟಿಗೆ ದಾಟಿದೆ ಎಂದೇ ತಿಳಿಯಬೇಕು.

ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಒಲೆಯ ಮೈ 200 ಡಿಗ್ರಿಯಿಂದ 300 ಡಿಗ್ರಿಗೆ ಏರಿದಾಗ ಅದು ಹೊರಸೂಸುವ ಶಾಖ ಅರ್ಧದಷ್ಟಲ್ಲ, ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ, ಏಕೆಂದರೆ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಹಲವು ಕಾಲ ಚೆನ್ನಾಗಿದ್ದ ಗೋಡೆ ಒಂದು ಚಳಿಗಾಲದಲ್ಲಿ ದಿಢೀರನೆ ಕೆಟ್ಟಿದ್ದರೆ, ಗೋಡೆಯನ್ನು ಶಂಕಿಸುವ ಮೊದಲು ಒಲೆಯನ್ನು ನೋಡಬೇಕು. ಒಲೆಯ ಬಾಗಿಲಿನ ಅಂಚಿಗೆ ಗಾಳಿ ಸೋರದಂತೆ ಕೂರಿಸಿದ ಹಗ್ಗ ಸವೆದು ಗಾಳಿ ಒಳನುಗ್ಗುತ್ತಿರಬಹುದು, ಒಲೆಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಗಾಳಿ ಬಾಗಿಲು ಪೂರ್ತಿ ಮುಚ್ಚದೆ ಇರಬಹುದು, ಒಳಗಿನ ಬೆಂಕಿ ಇಟ್ಟಿಗೆ ಒಡೆದು ಬಿದ್ದಿರಬಹುದು. ಈ ಮೂರರಲ್ಲಿ ಯಾವುದಾದರೂ ಒಲೆಯ ಮೈಯನ್ನು ಹಿಂದೆಂದಿಗಿಂತ ಹೆಚ್ಚು ಕಾಯಿಸುತ್ತದೆ. ಬಾಗಿಲು ಮುಚ್ಚಿ ಸಂದಿನಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ಹಗ್ಗ ಬದಲಿಸುವ ಕಾಲ ಬಂದಿದೆ.

ಕಲೆಯ ಆಕಾರ ಏನನ್ನು ತೋರಿಸುತ್ತದೆ

ಒಲೆಯ ಮೈಯ ಎತ್ತರದಲ್ಲೇ ಅಂಚು ಮಸುಕಾದ ಮೊಟ್ಟೆಯಾಕಾರದ ಕಲೆ ಇದ್ದರೆ ಅದು ನೇರ ವಿಕಿರಣದ ಕೆಲಸ. ಲಂಬವಾದ ಪಟ್ಟಿಯಂತೆ ಇದ್ದರೆ ಶಾಖ ಬರುತ್ತಿರುವುದು ಹೊಗೆ ಕೊಳವೆಯಿಂದ. ಒಂದೇ ಪದರದ ಕೊಳವೆಯ ಹೊರಮೈ ಕೆಲವೊಮ್ಮೆ ಒಲೆಯ ಮೈಯಷ್ಟೇ ಕಾಯುತ್ತದೆ, ಆದರೂ ಹೆಚ್ಚಿನವರು ಒಲೆಯ ಹಿಂದೆ ಮಾತ್ರ ಟೈಲ್ಸ್ ಹಾಕಿ ಕೊಳವೆಯ ಹಿಂದೆ ಮಾಮೂಲಿ ಬಣ್ಣದ ಗೋಡೆಯನ್ನೇ ಬಿಡುತ್ತಾರೆ. ಕಲೆ ಗೋಡೆಯ ಮೇಲ್ಭಾಗದಲ್ಲಿ, ಚಾವಣಿಗೆ ಹತ್ತಿರ, ಹರಡಿಕೊಂಡಿದ್ದರೆ ಅದು ಬಿಸಿಗಾಳಿ ಹೊತ್ತು ತಂದ ಮಸಿಯಾಗಿರುವ ಸಾಧ್ಯತೆ ಹೆಚ್ಚು. ಕೊಳವೆಯ ಜೋಡಣೆಯ ಎತ್ತರದಲ್ಲೇ ಚಿಮ್ಮಿದಂತೆ ಕಾಣುವ ಕಲೆ ಆ ಜೋಡಣೆ ಸೋರುತ್ತಿರುವುದಕ್ಕೆ ಸಾಕ್ಷಿ.

ಬಣ್ಣ ಕಂದುವುದು ಮತ್ತು ಗುಳ್ಳೆ ಏಳುವುದು

ಕಂದಿದ ಜಾಗವನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಕಪ್ಪು ಹತ್ತಿ ಗೋಡೆ ತಿಳಿಯಾದರೆ ಅದು ಮಸಿ. ಆಗ ಬಣ್ಣದಲ್ಲಿ ದೋಷವಿಲ್ಲ, ಹೊಗೆ ಕೋಣೆಗೆ ಬರುತ್ತಿದೆ; ಹೊಗೆ ಬರುವಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಕೊಳವೆಯ ಸಂದುಗಳಲ್ಲಿ ಕಂದು ಬಣ್ಣದ ಅಂಟು ದ್ರವ ಒಸರಿ ಗೋಡೆಗೆ ಇಳಿದಿದ್ದರೆ ಅದು ಹಸಿ ಸೌದೆಯ ಹೊಗೆ ತಣ್ಣನೆಯ ಕೊಳವೆಯಲ್ಲಿ ಸಾಂದ್ರಗೊಂಡು ಆದ ಡಾಂಬರಿನಂಥ ರಾಡಿ. ಕೊಳವೆಯ ತುಂಡುಗಳನ್ನು ಜೋಡಿಸುವಾಗ ಕಿರಿದಾದ ತುದಿ ಕೆಳಮುಖವಾಗಿ, ಅಂದರೆ ಒಲೆಯ ಕಡೆಗೆ, ಇರಬೇಕು. ಆಗ ಆ ದ್ರವ ಕೊಳವೆಯ ಒಳಗೇ ಇಳಿದು ಒಲೆಯಲ್ಲಿ ಸುಟ್ಟುಹೋಗುತ್ತದೆ. ತಿರುಗಿಸಿ ಜೋಡಿಸಿದ್ದರೆ ಪ್ರತಿ ಸಂದಿನಲ್ಲೂ ಹೊರಗೆ ಸೋರುತ್ತದೆ. ಇದನ್ನು ಸರಿಪಡಿಸದೆ ಗೋಡೆಗೆ ಏನು ಬಳಿದರೂ ವ್ಯರ್ಥ.

ಒರೆಸಿದರೂ ಹೋಗದ ಹಳದಿ ಅಥವಾ ಕಂದು ಛಾಯೆ ಬಣ್ಣದ ಒಳಗಿನದು. ಎಮಲ್ಷನ್ ಬಣ್ಣದಲ್ಲಿ ಪುಡಿಯನ್ನು ಹಿಡಿದಿಡುವುದು ಒಂದು ಬಗೆಯ ಪ್ಲಾಸ್ಟಿಕ್. ಅದು ಶಾಖಕ್ಕೆ ಮೆದುವಾಗುತ್ತದೆ, ದೀರ್ಘಕಾಲದ ಶಾಖಕ್ಕೆ ಬಣ್ಣಗೆಡುತ್ತದೆ. ಆಯಿಲ್ ಪೇಂಟ್ ಇನ್ನೂ ಬೇಗ ಹಳದಿಯಾಗುತ್ತದೆ. ಗುಳ್ಳೆಗಳಿಗೆ ಕಾರಣ ಮೆದುವಾದ ಈ ಪೊರೆ ಮತ್ತು ಅದರ ಹಿಂದಿನ ತೇವ, ಎರಡೂ ಸೇರಿದ್ದು. ಗೋಡೆಯೊಳಗಿನ ತೇವ ಕಾದು ಆವಿಯಾಗಿ ಹೊರಬರಲು ಹವಣಿಸಿದಾಗ ಗಾಳಿಯಾಡದ ಪೊರೆ ಉಬ್ಬುತ್ತದೆ. ಗುಳ್ಳೆಯನ್ನು ಚಾಕುವಿನಿಂದ ಕತ್ತರಿಸಿ ನೋಡಿ: ಬಣ್ಣದ ಹಿಂದೆ ಪುಟ್ಟಿ ಗಟ್ಟಿಯಾಗಿಯೇ ಇದ್ದರೆ ದೋಷ ಬಣ್ಣದ್ದು, ಬಣ್ಣದ ಜೊತೆ ಪುಟ್ಟಿಯೂ ಪುಡಿಯಾಗಿ ಬಂದರೆ ದೋಷ ಅದಕ್ಕಿಂತ ಆಳದಲ್ಲಿದೆ.

ಈ ಹಂತದಲ್ಲಿ ಜನ ಮಾಡುವ ಎರಡು ಖರೀದಿಗಳ ಬಗ್ಗೆ ಎಚ್ಚರಿಸಬೇಕು. ಮೊದಲನೆಯದು, 600 ಡಿಗ್ರಿ ತಾಳುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಸಿಲಿಕೋನ್ ಬಣ್ಣ. ಅದು ಒಲೆ ಮತ್ತು ಕೊಳವೆಯ ಲೋಹಕ್ಕೆ ತಯಾರಾದದ್ದು, ಹಚ್ಚಿದ ಮೇಲೆ ಹೆಚ್ಚಿನ ಶಾಖದಲ್ಲಿ ಒಮ್ಮೆ ಬೆಂದ ನಂತರವೇ ಪೂರ್ತಿ ಗಟ್ಟಿಯಾಗುವಂಥದ್ದು. ಗೋಡೆ ಎಂದೂ ಅಷ್ಟು ಕಾಯುವುದಿಲ್ಲ, ಕಾಯಲೂಬಾರದು. ಹೀಗಾಗಿ ಗೋಡೆಯ ಮೇಲೆ ಅದು ಅರೆಬೆಂದ ಸ್ಥಿತಿಯಲ್ಲೇ ಉಳಿದು ಉಜ್ಜಿದರೆ ಕೈಗೆ ಹತ್ತುತ್ತದೆ. ಎರಡನೆಯದು, ಬೆಂಕಿ ತಡೆಯುವ ಬಣ್ಣ ಎಂದು ಮಾರಾಟವಾಗುವ, ಶಾಖಕ್ಕೆ ನೊರೆಯಂತೆ ಉಬ್ಬುವ ಲೇಪ. ಅದರ ಕೆಲಸ ನಿಜವಾದ ಅಗ್ನಿ ಅನಾಹುತದಲ್ಲಿ ಒಮ್ಮೆ ಉಬ್ಬಿ ಒಳಗಿನ ವಸ್ತುವಿಗೆ ಸ್ವಲ್ಪ ಸಮಯ ದೊರಕಿಸಿಕೊಡುವುದು. ದಿನನಿತ್ಯದ ಶಾಖವನ್ನು ಅದು ಒಂದಿಷ್ಟೂ ತಡೆಯುವುದಿಲ್ಲ. ಅದನ್ನು ಬಳಿದಿದ್ದೇವೆಂಬ ಧೈರ್ಯದಿಂದ ಒಲೆಯನ್ನು ಮರದ ಗೋಡೆಗೆ ಹತ್ತಿರ ಸರಿಸುವುದು ಅಪಾಯವನ್ನು ಕೈಯಾರೆ ತಂದುಕೊಂಡಂತೆ.

ಪುಟ್ಟಿ ಮತ್ತು ಜಿಪ್ಸಮ್ ಪುಡಿಯಾಗುವುದು

ಗೋಡೆಯನ್ನು ಮೊಳೆಯಿಂದ ಗೀರಿದಾಗ ಸೀಮೆಸುಣ್ಣದಂತೆ ಪುಡಿ ಉದುರಿದರೆ ಅಲ್ಲಿರುವುದು ಬಹುಶಃ ಜಿಪ್ಸಮ್: ಬೋರ್ಡ್ ಆಗಿರಬಹುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಲೇಪವಾಗಿರಬಹುದು. ಜಿಪ್ಸಮ್‌ನ ತೂಕದಲ್ಲಿ ಸುಮಾರು 21 ಪ್ರತಿಶತ ನೀರು ರಾಸಾಯನಿಕವಾಗಿ ಬಂಧಿತವಾಗಿರುತ್ತದೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತಾ ಶಾಖವನ್ನು ಹೀರುವುದರಿಂದಲೇ ಜಿಪ್ಸಮ್ ಬೋರ್ಡ್‌ಗೆ ಬೆಂಕಿ ತಡೆಯುವ ವಸ್ತು ಎಂಬ ಹೆಸರು ಬಂದಿದೆ. ಆದರೆ ಆ ಗುಣವೇ ಒಲೆಯ ಹಿಂದೆ ಅದರ ದೌರ್ಬಲ್ಯ. ದಿನವೂ ಸ್ವಲ್ಪ ಸ್ವಲ್ಪ ಕಾಯುವ ಗೋಡೆಯಲ್ಲಿ ಆ ನೀರು ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತದೆ, ಹರಳುಗಳ ಹಿಡಿತ ಸಡಿಲವಾಗುತ್ತದೆ, ಸ್ಕ್ರೂಗಳ ತಲೆ ಹೊರಗೆ ಇಣುಕುತ್ತದೆ, ಬೋರ್ಡ್‌ನ ಮೇಲಿನ ಕಾಗದ ಕಂದಿ ಪೆಡಸಾಗುತ್ತದೆ. ನಿಜವಾದ ಬೆಂಕಿಯ ದಿನ ಅದು ಕೊಡಬೇಕಾಗಿದ್ದ ರಕ್ಷಣೆಯೂ ಅದಕ್ಕೆ ಮೊದಲೇ ಮುಗಿದಿರುತ್ತದೆ.

ಇಲ್ಲಿ ತೇಪೆ ಹಾಕುವುದು ಪರಿಹಾರವಲ್ಲ. ಪುಡಿಯಾದ ಜಾಗದ ಸುತ್ತ ಗಟ್ಟಿ ಬೋರ್ಡ್ ಸಿಗುವವರೆಗೂ ಕತ್ತರಿಸಿ ತೆಗೆದು, ಆ ಜಾಗಕ್ಕೆ ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ವರ್ಮಿಕ್ಯುಲೈಟ್ ಬೋರ್ಡ್ ಕೂರಿಸಬೇಕು. ಸಿಮೆಂಟ್ ಫೈಬರ್ ಬೋರ್ಡ್ ಕೂಡ ಉರಿಯುವುದಿಲ್ಲ, ಆದರೆ ಅದು ಶಾಖವನ್ನು ಹಿಂದಕ್ಕೆ ದಾಟಿಸುತ್ತದೆ. ಉರಿಯದಿರುವುದು ಮತ್ತು ಶಾಖ ತಡೆಯುವುದು ಬೇರೆ ಬೇರೆ ಗುಣಗಳೆಂಬುದನ್ನು ಈ ಇಡೀ ಕೆಲಸದಲ್ಲಿ ಮರೆಯಬಾರದು.

ಹಳೆಯ ಮನೆಯಲ್ಲಿ ಒಲೆಯ ಹಿಂದೆ ಬೂದು ಬಣ್ಣದ ಗಟ್ಟಿ ಹಲಗೆ ಮೊದಲೇ ಇದ್ದರೆ ಅದನ್ನು ಕೊರೆಯುವ, ಒಡೆಯುವ, ಉಜ್ಜುವ ಮೊದಲು ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಶಾಖ ತಡೆಯಲೆಂದೇ ಇಂಥ ಜಾಗಗಳಲ್ಲಿ ಕಲ್ನಾರು ಹಲಗೆಗಳನ್ನು ಬಹಳವಾಗಿ ಬಳಸಲಾಗುತ್ತಿತ್ತು. ಅದರ ಎಳೆಗಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲವು.

ಬಿರುಕುಗಳು

ಬಿರುಕುಗಳೆಲ್ಲ ಶಾಖದಿಂದಲೇ ಆದವಲ್ಲ. ಗಿಲಾವಿನ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಹೆಚ್ಚಾಗಿ ಗಿಲಾವು ಬೇಗ ಒಣಗಿ ಕುಗ್ಗಿದ್ದರ ಗುರುತು. ಒಲೆ ಉರಿದಾಗ ಅಗಲವಾಗಿ, ಆರಿದಾಗ ಕಿರಿದಾಗುವ ಬಿರುಕು ಮಾತ್ರ ಶಾಖದ್ದು. ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆದು, ಬಿಸಿ ಮತ್ತು ತಣ್ಣಗಿನ ಸ್ಥಿತಿಗಳಲ್ಲಿ ಅಗಲವನ್ನು ಹೋಲಿಸಿದರೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ.

ಶಾಖದ ಬಿರುಕಿಗೆ ಮೂಲ ಕಾರಣ ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದು. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ 100 ಡಿಗ್ರಿ ಕಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ, ಅದೇ ಉದ್ದದ ಮಣ್ಣಿನ ಇಟ್ಟಿಗೆಯ ಗೋಡೆ ಅದರ ಅರ್ಧದಷ್ಟು, ಅಲ್ಯೂಮಿನಿಯಂ ಪಟ್ಟಿ 2.3 ಮಿ.ಮೀ. ಟೈಲ್ಸ್‌ನ ಅಂಚಿಗೆ ಅಂದಕ್ಕಾಗಿ ಬಿಗಿಯಾಗಿ ಕೂರಿಸಿದ ಅಲ್ಯೂಮಿನಿಯಂ ಪಟ್ಟಿ ಒಲೆಯ ಹಿಂದೆ ಟೈಲ್ಸ್ ಅನ್ನೇ ತಳ್ಳಿ ಎಬ್ಬಿಸುವುದು ಹೀಗೆ. ಸಿಮೆಂಟ್ ಹೆಚ್ಚಾಗಿರುವ ಗಿಲಾವು ಇಟ್ಟಿಗೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ ಮತ್ತು ಅದಕ್ಕೆ ಮಣಿಯುವ ಗುಣ ಇಲ್ಲ. ದಿನವೂ ಹಿಗ್ಗಿ ಕುಗ್ಗಿ ಕೊನೆಗೆ ಇಟ್ಟಿಗೆಯಿಂದ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಜಾಗವೆಲ್ಲ ಹಾಗೆ ಬಿಟ್ಟುಹೋದದ್ದು. ಗಿಲಾವು ಬಲವಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಒಲೆಯ ಹಿಂದೆ ತಲೆಕೆಳಗಾಗುತ್ತದೆ. ಇಲ್ಲಿ ಸುಣ್ಣದ ಗಾರೆಯ ಅಥವಾ ಸುಣ್ಣ ಬೆರೆತ ಸಿಮೆಂಟಿನ ಮೆದು ಗಿಲಾವು ಹೆಚ್ಚು ಬಾಳುತ್ತದೆ. ಸಿಮೆಂಟ್ ಗಿಲಾವೇ ಬೇಕಾದರೆ ಒಳಗೆ ಗ್ಯಾಲ್ವನೈಸ್ಡ್ ಉಕ್ಕಿನ ಜಾಲರಿ ಕೂರಿಸಬೇಕು. ಉಕ್ಕು ಮತ್ತು ಸಿಮೆಂಟ್ ಗಾರೆ ಹೆಚ್ಚುಕಡಿಮೆ ಸಮನಾಗಿ ಹಿಗ್ಗುವುದರಿಂದ ಈ ಜೋಡಿ ಜಗಳವಾಡುವುದಿಲ್ಲ.

ಎರಡು ವಸ್ತುಗಳು ಕೂಡುವ ಗೆರೆಯಲ್ಲೇ, ಉದಾಹರಣೆಗೆ ಇಟ್ಟಿಗೆ ಮತ್ತು ಬೋರ್ಡ್ ಸೇರುವಲ್ಲಿ, ನೇರವಾಗಿ ಬಿರುಕು ಬಿಟ್ಟಿದ್ದರೆ ಅದನ್ನು ಪುಟ್ಟಿಯಿಂದ ತುಂಬಬಾರದು. ಆ ಗೆರೆಗೆ ಚಲಿಸುವ ಹಕ್ಕು ಬೇಕು. ಅಲ್ಲಿ ಸಂದನ್ನು ಉದ್ದೇಶಪೂರ್ವಕವಾಗಿ ಬಿಟ್ಟು, ಶಾಖ ತಾಳುವ ಸಿಲಿಕೋನ್ ಸೀಲೆಂಟ್ ತುಂಬಬೇಕು. ಒಲೆಯ ಸಂದುಗಳಿಗೆ ಬಳಸುವ ಬೆಂಕಿ ಸಿಮೆಂಟ್ ಗೋಡೆಯ ಇಂಥ ಸಂದಿಗೆ ಹೊಂದುವುದಿಲ್ಲ. ಅದು ಗಾಜಿನಂತೆ ಗಟ್ಟಿಯಾಗಿ ಮೊದಲ ಚಲನೆಗೇ ಸೀಳುತ್ತದೆ.

ಟೈಲ್ಸ್ ಕಳಚುವುದು

ಟೈಲ್ಸ್ ಬೆಂಕಿಯಲ್ಲಿ ಬೆಂದು ಬಂದ ವಸ್ತು, ಗೋಡೆಯ ಶಾಖ ಅದಕ್ಕೆ ಲೆಕ್ಕವೇ ಅಲ್ಲ. ಕೆಡುವುದು ಅಂಟು. ಮರದ ಕೋಲಿನಿಂದ ಒಂದೊಂದಾಗಿ ತಟ್ಟಿ, ಟೊಳ್ಳು ಸದ್ದು ಮಾಡುವವುಗಳಿಗೆ ಗುರುತು ಹಾಕಿ, ಅವುಗಳಲ್ಲಿ ಒಂದನ್ನು ಎಚ್ಚರಿಕೆಯಿಂದ ಕೀಳಬೇಕು. ಆ ಒಂದು ಟೈಲ್‌ನ ಬೆನ್ನು ಇಡೀ ಗೋಡೆಯ ಕಥೆ ಹೇಳುತ್ತದೆ.

ಅಂಟು ಗೋಡೆಯಲ್ಲೇ ಉಳಿದು ಟೈಲ್‌ನ ಬೆನ್ನು ಸ್ವಚ್ಛವಾಗಿದ್ದರೆ, ಹಚ್ಚಿದ ಅಂಟು ಮೇಲ್ಮೈ ಒಣಗಿ ಪೊರೆ ಕಟ್ಟಿದ ನಂತರ ಟೈಲ್ಸ್ ಕೂರಿಸಿದ್ದಾರೆ; ಶಾಖ ಇಲ್ಲದಿದ್ದರೂ ಅದು ಒಂದು ದಿನ ಬೀಳುತ್ತಿತ್ತು. ಅಂಟಿನ ಜೊತೆ ಹಳೆಯ ಬಣ್ಣ ಅಥವಾ ಪುಟ್ಟಿಯ ಪದರ ಕಿತ್ತು ಬಂದಿದ್ದರೆ, ಬಣ್ಣ ಕೆರೆಯದೆ ಅದರ ಮೇಲೆಯೇ ಟೈಲ್ಸ್ ಹಾಕಿದ್ದಾರೆ. ಅಂಟೇ ನಡುವೆ ಹರಿದು, ರಬ್ಬರಿನಂತೆ ಎಳೆ ಎಳೆಯಾಗಿ, ಹಳದಿಯಾಗಿ ಕಂಡರೆ ಅದು ಡಬ್ಬಿಯಲ್ಲಿ ಕಲಸಿಯೇ ಬರುವ ಅಂಟು. ಈ ಮೂರನೆಯದು ಮಾತ್ರ ನಿಜವಾಗಿ ಶಾಖದ ದೋಷ. ಹಾಗೆ ಕಲಸಿ ಬರುವ ಅಂಟಿಗೂ ಎಪಾಕ್ಸಿ ಅಂಟಿಗೂ ಬಲ ಕೊಡುವುದು ರಾಳ. ಶಾಖಕ್ಕೆ ರಾಳ ಮೆದುವಾಗುತ್ತದೆ. ಟೈಲ್ಸ್ ನಡುವಿನ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬುವುದೂ ಇದೇ ಕಾರಣಕ್ಕೆ ಬೇಡ.

ಒಲೆಯ ಹಿಂದಿನ ಗೋಡೆಗೆ ಸಿಮೆಂಟ್ ಆಧಾರಿತ ಪುಡಿ ಅಂಟು ಬೇಕು, ಅದರಲ್ಲೂ ಸ್ವಲ್ಪ ಬಾಗುವ ಗುಣದ್ದು. ಚೀಲದ ಮೇಲೆ ಸಿ2 ಮತ್ತು ಎಸ್1 ಎಂಬ ಗುರುತುಗಳಿವೆಯೇ ನೋಡಬೇಕು. ಇಎನ್ 12004 ಮಾನದಂಡದಲ್ಲಿ ಮೊದಲನೆಯದು ಹೆಚ್ಚಿನ ಹಿಡಿತದ ಸಿಮೆಂಟ್ ಅಂಟನ್ನೂ ಎರಡನೆಯದು ಮುರಿಯದೆ ಕನಿಷ್ಠ 2.5 ಮಿ.ಮೀ. ಬಾಗಬಲ್ಲ ಗುಣವನ್ನೂ ಸೂಚಿಸುತ್ತದೆ. ಅದೇ ಚೀಲದಲ್ಲಿ ತಯಾರಕರು ಗರಿಷ್ಠ ಉಷ್ಣತೆಯನ್ನೂ ಬರೆದಿರುತ್ತಾರೆ. ಅದು ನೀವು ಅಳೆದ ಅಂಕಿಗಿಂತ ಸಾಕಷ್ಟು ಮೇಲಿರಬೇಕು. ಅಂಟನ್ನು ಗೋಡೆಗೂ ಟೈಲ್‌ನ ಬೆನ್ನಿಗೂ ಪೂರ್ತಿಯಾಗಿ ಬಳಿದು ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತಿದರೆ ಅಂಟಿರುವ ಜಾಗಕ್ಕೂ ಟೊಳ್ಳು ಜಾಗಕ್ಕೂ ಶಾಖ ಬೇರೆಯಾಗಿ ದಾಟಿ ಟೈಲ್ ಸೀಳುತ್ತದೆ. ಟೈಲ್ಸ್ ಹಾಕಿದ ಭಾಗದ ನಾಲ್ಕೂ ಅಂಚಿನಲ್ಲಿ, ನೆಲ ಮತ್ತು ಪಕ್ಕದ ಗೋಡೆ ಸೇರುವಲ್ಲಿ, ಗ್ರೌಟ್ ಬದಲು ಶಾಖ ತಾಳುವ ಸೀಲೆಂಟ್ ಇರಲಿ.

ಗಟ್ಟಿ ಹೊದಿಕೆಯ ಹಿಂದೆ ಅಡಗಿರುವ ಮರ

ಈ ಕೈಪಿಡಿಯ ಬೇರೆ ಭಾಗಗಳನ್ನು ಬಿಟ್ಟರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮರದ ಚೌಕಟ್ಟಿನ ಅಥವಾ ಪ್ಲೈವುಡ್‌ನ ಗೋಡೆಗೆ ನೇರವಾಗಿ ಟೈಲ್ಸ್, ಕಲ್ಲಿನ ಬಿಲ್ಲೆ, ತೆಳು ಇಟ್ಟಿಗೆ ಅಂಟಿಸಿದಾಗ ಗೋಡೆ ಬೆಂಕಿಗೆ ಹೆದರದಂತೆ ಕಾಣುತ್ತದೆ. ಆದರೆ ಕಲ್ಲು ಮತ್ತು ಟೈಲ್ಸ್ ಶಾಖವನ್ನು ಹೀರಿ ಹಿಂದಿನ ಮರಕ್ಕೆ ತಲುಪಿಸುತ್ತವೆ. ಹೊಸ ಒಣ ಮರಕ್ಕೆ ಜ್ವಾಲೆ ಹತ್ತಲು ಸಾಮಾನ್ಯವಾಗಿ 250 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕಾದರೂ, ಅದಕ್ಕಿಂತ ಬಹಳ ಕೆಳಗಿನ ಶಾಖದಲ್ಲಿ ವರ್ಷಗಟ್ಟಲೆ ಬೆಂದ ಮರ ನಿಧಾನವಾಗಿ ಕಪ್ಪಾಗುತ್ತದೆ, ಇದ್ದಿಲಿನ ಗುಣ ಪಡೆಯುತ್ತದೆ, ಹೊಸ ಮರಕ್ಕಿಂತ ಸುಲಭವಾಗಿ ಕಾವು ಹಿಡಿಯುತ್ತದೆ. ಹತ್ತು ವರ್ಷ ಏನೂ ಆಗಲಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ಆ ಹತ್ತು ವರ್ಷಗಳೇ ಅಪಾಯವನ್ನು ಬೆಳೆಸಿರುತ್ತವೆ.

ಹಿಂದೆ ಏನಿದೆ ಎಂದು ತಿಳಿಯದಿದ್ದರೆ ನೋಡಲೇಬೇಕು. ವಿದ್ಯುತ್ ಸಂಪರ್ಕ ಕಡಿದು ಸಮೀಪದ ಸ್ವಿಚ್ ಬೋರ್ಡಿನ ಮುಚ್ಚಳ ತೆಗೆದರೆ ಗೋಡೆಯ ಪದರಗಳು ಕಾಣುತ್ತವೆ. ಅದಿಲ್ಲದಿದ್ದರೆ ಟೈಲ್ ಕಿತ್ತ ಜಾಗದಲ್ಲಿ ಸಣ್ಣ ರಂಧ್ರ ಕೊರೆದು, ಹೊರಬಂದ ಪುಡಿಯನ್ನು ನೋಡಬೇಕು. ತಿಳಿ ಬಣ್ಣದ ಮರದ ಪುಡಿ ಬಂದರೆ ಮರ ಇನ್ನೂ ಕೆಟ್ಟಿಲ್ಲ. ಕಪ್ಪು ಅಥವಾ ಗಾಢ ಕಂದು ಪುಡಿ, ಸುಟ್ಟ ವಾಸನೆ ಬಂದರೆ ಆ ಒಲೆಯನ್ನು ಮತ್ತೆ ಹೊತ್ತಿಸುವಂತಿಲ್ಲ, ಆ ಭಾಗದ ಮರವನ್ನು ತೆಗೆಯಬೇಕು.

ಪರಿಹಾರದ ತಿರುಳು ದಪ್ಪದಲ್ಲಿ ಇಲ್ಲ, ಗಾಳಿಯ ಸಂದಿನಲ್ಲಿದೆ. ಅಮೆರಿಕದ ಎನ್‌ಎಫ್‌ಪಿಎ 211 ಮಾನದಂಡದ ಅಂಕಿಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಪರೀಕ್ಷೆಗೊಳಗಾಗದ ಒಲೆಗೂ ರಕ್ಷಣೆಯಿಲ್ಲದ ಉರಿಯಬಲ್ಲ ಗೋಡೆಗೂ ನಡುವೆ ಅದು 914 ಮಿ.ಮೀ. ದೂರ ಕೇಳುತ್ತದೆ. ಗೋಡೆಗೆ ತಾಗಿದಂತೆ 89 ಮಿ.ಮೀ. ದಪ್ಪದ ಇಟ್ಟಿಗೆ ಗೋಡೆ ಕಟ್ಟಿದರೂ ಆ ದೂರ 610 ಮಿ.ಮೀ.ಗೆ ಮಾತ್ರ ಇಳಿಯುತ್ತದೆ. ಅದೇ, ಹಿಂದೆ 25 ಮಿ.ಮೀ. ತೆರೆದ ಗಾಳಿ ಸಂದು ಬಿಟ್ಟು ನಿಲ್ಲಿಸಿದ 24 ಗೇಜಿನ ತೆಳು ತಗಡು ಅದನ್ನು 305 ಮಿ.ಮೀ.ಗೆ ಇಳಿಸುತ್ತದೆ. ತಗಡಿನ ಹಿಂದೆ ಬಿಸಿಗಾಳಿ ಮೇಲೇರಿ ಹೊರಟುಹೋಗಿ ಕೆಳಗಿನಿಂದ ತಂಪು ಗಾಳಿ ಬರುತ್ತಲೇ ಇರುವುದರಿಂದ ಹಿಂದಿನ ಗೋಡೆ ಬಹಳ ಕಡಿಮೆ ಕಾಯುತ್ತದೆ. ಒಂದೇ ಪದರದ ಹೊಗೆ ಕೊಳವೆಗೆ ಅದೇ ಮಾನದಂಡ ಕೇಳುವ ದೂರ 457 ಮಿ.ಮೀ. ಪರೀಕ್ಷೆಗೊಳಗಾದ ಒಲೆಯಾದರೆ ಅದರ ತಯಾರಕರ ಪುಸ್ತಕದಲ್ಲಿರುವ ದೂರಗಳೇ ಅಂತಿಮ, ಜೊತೆಗೆ ನಿಮ್ಮ ಊರಿನ ಕಟ್ಟಡ ನಿಯಮಗಳು.

ಇಂಥ ತಡೆಹಲಗೆ ಇದ್ದೂ ಗೋಡೆ ಕಾಯುತ್ತಿದ್ದರೆ ಸಂದು ಮುಚ್ಚಿಹೋಗಿದೆ ಎಂದೇ ಮೊದಲು ಶಂಕಿಸಬೇಕು. ಅಂದಕ್ಕಾಗಿ ಮೇಲಂಚಿಗೆ ಪಟ್ಟಿ ಹೊಡೆದಿರುತ್ತಾರೆ, ನೆಲಕ್ಕೆ ತಾಗುವಂತೆ ಹಲಗೆ ಇಳಿಸಿರುತ್ತಾರೆ, ಶಾಖ ತಡೆಯುತ್ತದೆಂದು ಸಂದಿನಲ್ಲಿ ಗಾಜಿನ ಅಥವಾ ಕಲ್ಲಿನ ಉಣ್ಣೆ ತುರುಕಿರುತ್ತಾರೆ. ಒಲೆ ಬಿಸಿಯಿದ್ದಾಗ ಹಲಗೆಯ ಕೆಳಂಚಿನ ಬಳಿ ತೆಳು ಕಾಗದದ ಎಳೆಯನ್ನು ಹಿಡಿದರೆ ಅದು ಒಳಕ್ಕೆ ಸೆಳೆಯಲ್ಪಡಬೇಕು. ಅಲುಗದಿದ್ದರೆ ಗಾಳಿ ಹರಿಯುತ್ತಿಲ್ಲ. ಹಲಗೆಯನ್ನು ಗೋಡೆಯಿಂದ ದೂರ ನಿಲ್ಲಿಸುವ ಬಿಲ್ಲೆಗಳು ಮರದವಾಗಿರಬಾರದು, ಮತ್ತು ಒಲೆಯ ಅಥವಾ ಕೊಳವೆಯ ನೇರ ಹಿಂದೆ ಇರಬಾರದು, ಏಕೆಂದರೆ ಅತಿ ಬಿಸಿಯಾದ ಜಾಗದಿಂದ ಅವು ಶಾಖಕ್ಕೆ ಸೇತುವೆಯಾಗುತ್ತವೆ.

ಯಾವ ಜಾಗಕ್ಕೆ ಯಾವ ಮೇಲ್ಪದರ

ಇಷ್ಟಾದ ಮೇಲೆ ಮೇಲ್ಪದರದ ಆಯ್ಕೆ ಸುಲಭ. ಇಟ್ಟಿಗೆ ಅಥವಾ ಕಲ್ಲಿನ ಗೋಡೆ ಇದ್ದವರಿಗೆ ನನ್ನ ಮೊದಲ ಸಲಹೆ ಸುಣ್ಣದ ಗಿಲಾವು, ಅದರ ಮೇಲೆ ಸುಣ್ಣ ಅಥವಾ ಪೊಟ್ಯಾಸಿಯಂ ಸಿಲಿಕೇಟ್ ಬಣ್ಣ. ಎರಡೂ ಖನಿಜದವು, ಪ್ಲಾಸ್ಟಿಕ್ ಪೊರೆ ಕಟ್ಟುವುದಿಲ್ಲ, ತೇವವನ್ನು ಹೊರಬಿಡುತ್ತವೆ, ಹಳದಿಯಾಗುವುದಿಲ್ಲ. ಆದರೆ ಇವು ಹಳೆಯ ಎಮಲ್ಷನ್ ಮೇಲೆ ಹಿಡಿಯುವುದಿಲ್ಲ. ಗಾರೆ ಕಾಣುವವರೆಗೂ ಕೆರೆಯುವ ಶ್ರಮ ತಪ್ಪಿದ್ದಲ್ಲ. ಮಣ್ಣಿನ ಗಿಲಾವೂ ಶಾಖಕ್ಕೆ ಚೆನ್ನಾಗಿ ಒಗ್ಗುತ್ತದೆ, ನೀರು ತಾಗದಂತೆ ನೋಡಿಕೊಂಡರೆ ಸಾಕು. ಒರೆಸಿ ತೊಳೆಯುವ ಅನುಕೂಲ ಬೇಕೆನ್ನುವವರು ಟೈಲ್ಸ್ ಅಥವಾ ಗ್ರಾನೈಟ್ ಹಾಕಬಹುದು. ಕಲ್ಲಿನ ಪುಡಿಗೆ ರಾಳ ಬೆರೆಸಿ ತಯಾರಿಸಿದ ಕೃತಕ ಕಲ್ಲನ್ನು ಗ್ರಾನೈಟ್ ಎಂದು ತಿಳಿದು ತರಬಾರದು. ಅದರ ರಾಳ ಶಾಖಕ್ಕೆ ಕಂದುತ್ತದೆ.

ಗೋಡೆಯಲ್ಲಿ ಮರ ಇದ್ದರೆ ಆಯ್ಕೆ ಒಂದೇ: ಗಾಳಿ ಸಂದು ಇರುವ ತಡೆಹಲಗೆ, ಉಕ್ಕಿನದು ಅಥವಾ ಕ್ಯಾಲ್ಸಿಯಂ ಸಿಲಿಕೇಟಿನದು. ಟೈಲ್ಸ್ ಬೇಕೆಂದರೆ ಆ ಹಲಗೆಯ ಮೇಲೆ ಅಂಟಿಸಬಹುದು, ಆಗ ಅದರ ತೂಕಕ್ಕೆ ತಕ್ಕಂತೆ ಆಧಾರ ಬೇಕು.

ಪಿವಿಸಿ ಫಲಕ, ವಾಲ್‌ಪೇಪರ್, ಲ್ಯಾಮಿನೇಟ್, ಅಕ್ರಿಲಿಕ್ ಟೆಕ್ಸ್‌ಚರ್ ಬಣ್ಣ, ಥರ್ಮೋಕೋಲ್ ಅಲಂಕಾರ ಇವು ಒಲೆಯಿರುವ ಗೋಡೆಯಲ್ಲೇ ಬೇಡ. ಪಿವಿಸಿ ಸುಮಾರು 80 ಡಿಗ್ರಿಯಲ್ಲೇ ಮೆದುವಾಗಿ ಬಾಗುತ್ತದೆ. ಲೋಹದಂತೆ ಹೊಳೆಯುವ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಹಾಳೆಯನ್ನು ತಗಡಿನ ಬದಲು ಬಳಸುವುದು ವಿಶೇಷವಾಗಿ ಅಪಾಯಕರ, ಏಕೆಂದರೆ ಅಗ್ಗದ ಹಾಳೆಗಳಲ್ಲಿ ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಇರುವುದು ಉರಿಯಬಲ್ಲ ಪಾಲಿಥಿಲೀನ್.

ದುರಸ್ತಿಯ ನಂತರದ ಮೊದಲ ಉರಿ

ಹೊಸ ಗಿಲಾವಿನಲ್ಲಿ ಮತ್ತು ಹೊಸ ಅಂಟಿನಲ್ಲಿ ಬಹಳ ನೀರಿರುತ್ತದೆ. ಬೇಗ ಒಣಗಲೆಂದು ಒಲೆ ಹೊತ್ತಿಸಿದರೆ ಮೇಲ್ಮೈ ಒಣಗಿ ಒಳಗೆ ಆವಿ ಸಿಕ್ಕಿಕೊಂಡು ಗಿಲಾವು ಸಿಡಿಯುತ್ತದೆ, ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರೇ ಅದಕ್ಕೆ ಸಿಗದೆ ಹೋಗುತ್ತದೆ. ಸಿಮೆಂಟ್ ಗಿಲಾವನ್ನು ಕನಿಷ್ಠ 7 ದಿನ ಒದ್ದೆಯಾಗಿಟ್ಟು, ಒಟ್ಟು 28 ದಿನ ಕಳೆದ ಮೇಲೆ ಒಲೆ ಹೊತ್ತಿಸುವುದು ಒಳ್ಳೆಯದು. ಸುಣ್ಣದ ಗಿಲಾವು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಗಟ್ಟಿಯಾಗುವುದರಿಂದ ಅದಕ್ಕೆ ಇನ್ನೂ ಹೆಚ್ಚಿನ ಸಮಯ ಬೇಕು. ಮೊದಲ ಕೆಲವು ದಿನ ಸಣ್ಣ ಸೌದೆಯ ಪುಟ್ಟ ಉರಿ ಮಾತ್ರ ಇರಲಿ, ಪ್ರತಿ ಸಲವೂ ಗೋಡೆ ಪೂರ್ತಿ ತಣಿದ ಮೇಲೆ ಮುಂದಿನ ಉರಿ.

ನಂತರ ಮೊದಲಿನಂತೆಯೇ ಎರಡು ಮೂರು ಗಂಟೆ ಪೂರ್ಣವಾಗಿ ಉರಿಸಿ, ಅದೇ ಜಾಗಗಳಲ್ಲಿ ಮತ್ತೆ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಬೇಕು. ಮೇಲ್ಪದರವನ್ನು ಮಾತ್ರ ಬದಲಿಸಿದ್ದರೆ ಅಂಕಿ ಇಳಿಯುವುದಿಲ್ಲ. ಮೊದಲೇ ಮಿತಿಯೊಳಗಿದ್ದ ಗೋಡೆಗೆ ಅಷ್ಟು ಸಾಕು. ಇಳಿಯಲೇಬೇಕಾಗಿದ್ದು ಇಳಿಯದಿದ್ದರೆ ಉಳಿದಿರುವುದು ತಡೆಹಲಗೆ ಹಾಕುವುದು, ಕೊಳವೆಯನ್ನು ಎರಡು ಪದರದ್ದಕ್ಕೆ ಬದಲಿಸುವುದು, ಅಥವಾ ಒಲೆಯನ್ನು ಮುಂದಕ್ಕೆ ಸರಿಸುವುದು. ಒಲೆಯನ್ನು ಸರಿಸಿದಾಗ ಅದರ ಬಾಗಿಲಿನ ಮುಂದೆ ಉರಿಯದ ನೆಲಹಾಸು ಎಷ್ಟು ಉಳಿಯಿತು ಎಂಬುದನ್ನೂ ಅಳೆಯಬೇಕು. ಎನ್‌ಎಫ್‌ಪಿಎ 211 ಅಲ್ಲಿ 457 ಮಿ.ಮೀ. ಕೇಳುತ್ತದೆ, ಅದಕ್ಕಿಂತ ಕಡಿಮೆಯಾದರೆ ಒಲೆಯ ಜೊತೆ ನೆಲಹಾಸನ್ನೂ ಮುಂದಕ್ಕೆ ವಿಸ್ತರಿಸಬೇಕು.